ಮೂಲೆಯಲ್ಲಿ ನಿಂತವರು

ಲೆನ್ಸಿನ ಹುಚ್ಚು ಹಿಡಿದವರಿಗೆ ಇಟ್ಟಿಗೆ ಗೋಡೆಗಿಂತ ಚೆಲುವಾದದ್ದು ಕಾಣುವುದಿಲ್ಲ. ಹೊಸ ಲೆನ್ಸು ಮನೆಗೆ ಬಂದ ದಿನ ಹೆಂಡತಿ ಮಕ್ಕಳ ಮುಖ ಬಿಟ್ಟು ಎದುರುಮನೆಯ ಕಾಂಪೌಂಡಿಗೆ ಗುರಿಯಿಡುವ ಜಾತಿ ನಮ್ಮದು. ಹೈದರಾಬಾದಿನಲ್ಲಿರುವ ನಮಗೆ ಮಾತ್ರ ಕಾಂಪೌಂಡೇ ಗತಿ ಎನ್ನುವ ದಾರಿದ್ರ್ಯವಿಲ್ಲ. ಸಂತೋಷ್ ನಗರದ ಹತ್ತಿರ ಪೈಗಾ ಸಮಾಧಿಗಳಿವೆ. ನಿಜಾಮರ ಆಸ್ಥಾನದಲ್ಲಿ ಮೆರೆದ ಶ್ರೀಮಂತ ಮನೆತನದವರು ತಮ್ಮ ಹಿರಿಯರಿಗೆ ಕಟ್ಟಿಸಿದ ಗಾರೆ ಮತ್ತು ಅಮೃತಶಿಲೆಯ ಕುಸುರಿ ಅದು. ಅಲ್ಲಿನ ಜಾಲಂದ್ರಗಳು ಸಮತಟ್ಟು. ನಡುವಿನಿಂದ ಅಂಚಿನವರೆಗೆ ಒಂದೇ ಸಮನೆ ಸಣ್ಣ ಸಣ್ಣ ನಕ್ಷತ್ರ, ಷಟ್ಕೋನ. ಲೆನ್ಸು ಎಲ್ಲಿ ಸುಳ್ಳು ಹೇಳಿದರೂ ಕಲ್ಲು ಹಿಡಿದುಕೊಡುತ್ತದೆ.

ನನ್ನ ಚೀಲದಲ್ಲಿ ಎರಡು 50 ಎಂಎಂ ಲೆನ್ಸುಗಳಿರುತ್ತವೆ. ಒಂದು ನಿಕಾನ್ ಎಐ-ಎಸ್, ಎಂಬತ್ತರ ದಶಕದ್ದು; ಕೋಠಿಯ ಗುಜರಾತಿ ಗಲ್ಲಿಯಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿದ್ದು. ಆ ಗಲ್ಲಿಯಲ್ಲಿ ಲೆನ್ಸು ಕೊಳ್ಳುವುದೇ ಒಂದು ಸುಖ. ದಖನಿಯಲ್ಲಿ ಚೌಕಾಸಿ ಮಾಡುತ್ತಲೇ ಗಾಜನ್ನು ಟ್ಯೂಬ್‌ಲೈಟಿಗೆ ಹಿಡಿದು ಒಳಗೆ ಫಂಗಸ್ಸಿನ ಎಳೆ ಇದೆಯೇ, ಅಪರ್ಚರಿನ ಎಸಳುಗಳಿಗೆ ಎಣ್ಣೆ ಹತ್ತಿದೆಯೇ ಎಂದು ನೋಡಬೇಕು. ಇನ್ನೊಂದು 2018ರಲ್ಲಿ ಬಂದ ನಿಕ್ಕಾರ್ ಝಡ್. ಹಳೆಯದರಲ್ಲಿ ಆರು ಗಾಜು, ಹೊಸದರಲ್ಲಿ ಹನ್ನೆರಡು, ತೂಕ 415 ಗ್ರಾಂ. ಎರಡೂ ಎಫ್/1.8.

ಪೂರ್ತಿ ತೆರೆದಾಗ ಹೋಲಿಕೆಯ ಮಾತೇ ಇಲ್ಲ. ಹೊಸದು ಮೂಲೆಯ ನಕ್ಷತ್ರದ ಮೊನೆಯನ್ನೂ ಕೆತ್ತಿ ಇಡುತ್ತದೆ. ಹಳೆಯದರಲ್ಲಿ ನಡುವಿನ ವಿವರ ಇದೆ, ಆದರೆ ಅದರ ಮೇಲೆ ಹಾಲಿನ ಕೆನೆಯಂಥ ತೆಳು ಪದರ. ಗಾಜಿನ ಅಂಚಿನಿಂದ ಬಂದ ಕಿರಣವೂ ನಡುವಿನಿಂದ ಬಂದ ಕಿರಣವೂ ಒಂದೇ ಬಿಂದುವಿನಲ್ಲಿ ಕೂಡದೆ ಹುಟ್ಟಿದ್ದು. ಮೂಲೆಗಳಂತೂ ಕಲಸುಮೇಲೋಗರ. ‘ಹಳೆಯ ಲೆನ್ಸಿಗೆ ಆತ್ಮ ಇದೆ’ ಎನ್ನುವ ಗೆಳೆಯರಿದ್ದಾರೆ. ಇರಬಹುದು, ಆದರೆ ಅದು ಮೂಲೆಯಲ್ಲಿಲ್ಲ.

ಅಪರ್ಚರಿನ ಉಂಗುರವನ್ನು ಕಟಕಟನೆ ಎಫ್/5.6ಕ್ಕೆ ತಿರುಗಿಸಿ, ಆಟ ಬದಲಾಗುತ್ತದೆ. ಅಂಚಿನ ಕಿರಣಗಳು ಹೊರಗುಳಿದು ಕೆನೆ ಕರಗುತ್ತದೆ. ಚಿತ್ರದ ನಡುಭಾಗವನ್ನಷ್ಟೇ ಕತ್ತರಿಸಿ ತೋರಿಸಿದರೆ ಯಾವುದು ಯಾವುದೆಂದು ಹೇಳಲು ನನಗೇ ಕಷ್ಟ. ಎಫ್/16ರಲ್ಲಿ ಬೆಳಕೇ ಬಾಗಿ ಹರಡಿ ಎರಡನ್ನೂ ಸಮನಾಗಿ ಮಂಕು ಮಾಡುತ್ತದೆ; ಅಲ್ಲಿ ಹಣ ಕೊಟ್ಟವನಿಗೂ ಉಳಿಸಿದವನಿಗೂ ಭೇದವಿಲ್ಲ.

ಹಳೆಯದೆಂದರೂ ಇದರ ವಂಶ ಇನ್ನೂ ಹಿಂದಿನದು. 1896ರಲ್ಲಿ ಝೈಸ್ ಕಂಪನಿಯ ಪಾಲ್ ರುಡಾಲ್ಫ್ ರೂಪಿಸಿದ ಪ್ಲಾನಾರ್ ಇದರ ಮುತ್ತಜ್ಜ. ಆಗ ಅದು ಹೆಚ್ಚು ನಡೆಯಲಿಲ್ಲ. ಗಾಜು ಗಾಳಿಗೆ ತಾಗುವ ಒಂದೊಂದು ಮೇಲ್ಮೈಯಲ್ಲೂ ಶೇಕಡ 4ರಷ್ಟು ಬೆಳಕು ಹಿಂದಕ್ಕೆ ಚಿಮ್ಮುತ್ತಿತ್ತು. ಅಂಥ ಎಂಟು ಮೇಲ್ಮೈ ದಾಟುವಷ್ಟರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಸೋರಿ, ಅದರಲ್ಲಿಷ್ಟು ಒಳಗೇ ಅಲೆದು ಚಿತ್ರವನ್ನು ಮಬ್ಬಾಗಿಸುತ್ತಿತ್ತು. 1935ರಲ್ಲಿ ಅದೇ ಕಂಪನಿಯ ಸ್ಮಾಕುಲಾ ಗಾಜಿಗೆ ತೆಳುಲೇಪ ಕೊಡುವ ವಿದ್ಯೆ ಕಂಡುಹಿಡಿದ ಮೇಲೆ ಈ ವಂಶ ಬೆಳೆಯಿತು. ನಾವು ಶಾರ್ಪ್ ಎಂದು ಕೊಂಡಾಡುವುದರಲ್ಲಿ ಅರ್ಧಪಾಲು ಈ ಲೇಪ ಉಳಿಸಿಕೊಟ್ಟ ಕಪ್ಪು-ಬಿಳುಪಿನ ಅಂತರ.

ಹಾಗಿದ್ದರೆ ಲೇಪವೇ ಇಲ್ಲದ ಕಾಲದಲ್ಲಿ, ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕ ರಾಜಾ ದೀನ್ ದಯಾಳ್ ತೆಗೆದ ಚಿತ್ರಗಳು ಅಷ್ಟು ಸ್ಫುಟವಾಗಿರುವುದು ಹೇಗೆ? ಗುಟ್ಟು ಗಾಜಿನ ಪ್ಲೇಟಿನದು. ಹನ್ನೆರಡು ಇಂಚಿನ ಪ್ಲೇಟಿಗೆ ಕಾಗದ ಒತ್ತಿ ಹಿಡಿದರೆ ಹನ್ನೆರಡು ಇಂಚಿನದೇ ಚಿತ್ರ, ಹಿಗ್ಗಿಸುವ ಮಾತಿಲ್ಲ. ನನ್ನ ಕ್ಯಾಮೆರಾದ ಸೆನ್ಸರು 36 ಮಿಲಿಮೀಟರ್ ಅಗಲ. ಅಷ್ಟೇ ದೊಡ್ಡ ಪ್ರಿಂಟಿಗೆ ಎಂಟೂವರೆ ಪಟ್ಟು ಹಿಗ್ಗಿಸಬೇಕು, ಲೆನ್ಸಿನ ತಪ್ಪೂ ಅಷ್ಟೇ ಪಟ್ಟು ಹಿಗ್ಗುತ್ತದೆ. ಹನ್ನೆರಡು ಗಾಜು ಸೇರಿಸಿದರೂ ನಾವು ಈ ಲೆಕ್ಕದಿಂದ ತಪ್ಪಿಸಿಕೊಂಡಿಲ್ಲ.

ಮುಖಗಳ ವಿಷಯ ಬೇರೆ. ಹೊಸ ಲೆನ್ಸು ತೋರಿಸುವಷ್ಟು ಸತ್ಯವನ್ನು ಐವತ್ತು ದಾಟಿದ ಯಾರೂ ಬಯಸುವುದಿಲ್ಲ. ನಮ್ಮ ಮನೆಯ ಹಿರಿಯರಿಗೆ ಹಳೆಯದೇ ಪ್ರೀತಿ, ಅದೂ ಎಫ್/1.8ರಲ್ಲಿ.

ಆದರೆ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಕಾರ್ಯಕ್ರಮ ಮುಗಿದು ಎಲ್ಲರೂ ಗ್ರೂಪ್ ಫೋಟೋಕ್ಕೆ ಮೂರು ಸಾಲಾಗಿ ನಿಂತರೆ ನಾನು ಹೊಸ ಲೆನ್ಸನ್ನೇ ಹಾಕುತ್ತೇನೆ. ಜಾಲಂದ್ರದ ಮೂಲೆ ಮಸುಕಾದರೆ ಪೈಗಾ ನವಾಬರು ಎದ್ದು ಬಂದು ಕೇಳುವುದಿಲ್ಲ. ಇಲ್ಲಿ ಮೂಲೆಯಲ್ಲಿ ನಿಂತವರು ಫೋಟೋ ಬಂದ ತಕ್ಷಣ ಎರಡು ಬೆರಳಲ್ಲಿ ಹಿಗ್ಗಿಸಿ ಮೊದಲು ನೋಡುವುದು ತಮ್ಮ ಮುಖವನ್ನೇ. ಹೊಸದು ಮನೆಯಲ್ಲಿ ಉಳಿದಿದ್ದರೆ ಹಳೆಯದನ್ನು ಎಫ್/8ಕ್ಕೆ ಇಳಿಸಿ, ‘ಸ್ವಲ್ಪ ಒಳಕ್ಕೆ ಸರೀರಿ’ ಎಂದು ಕೂಗುತ್ತೇನೆ.