ಮೂರಡಿ ದೂರದ ಸಿಪಾಯಿಗಳು

ಜನವರಿ 4, ಶನಿವಾರ. ಫ್ರೀಮಾಂಟ್

ಗರಾಜಿನ ಮೇಜಿನ ಮೇಲೆ 54 ಜನ ನಿಂತಿದ್ದಾರೆ. 48 ಕಾಲಾಳು, 6 ರಾಕೆಟ್ಟಿನವರು. ಎಲ್ಲರೂ ಬರಿಯ ಲೋಹ, ಹೊಸ ಪಾತ್ರೆಯ ಬಣ್ಣ. 28 ಮಿಲಿಮೀಟರ್ ಎತ್ತರ ಎನ್ನುತ್ತಾರೆ. ಅದು ಅಂಗಾಲಿನಿಂದ ಕಣ್ಣಿನವರೆಗೆ, ಪೇಟ ಲೆಕ್ಕಕ್ಕಿಲ್ಲ. ಫೆಬ್ರವರಿ 17, ಪ್ರೆಸಿಡೆಂಟ್ಸ್ ಡೇ ರಜೆಯಂದು ಸನಿವೇಲ್ ಗೆಳೆಯನ ಮನೆಯಲ್ಲಿ ಇವರ ಯುದ್ಧದಾಟ. ಅಷ್ಟರಲ್ಲಿ ಇವರಿಗೆಲ್ಲ ಬಟ್ಟೆ ತೊಡಿಸಬೇಕು. ವಾರಕ್ಕೆ ಒಂಬತ್ತು ಜನ.

ನಾನು ಈ ಹುಚ್ಚಿಗೆ ಬಿದ್ದದ್ದು ಕಾನೂನಿನ ದೆಸೆಯಿಂದ. ಕ್ಯಾಲಿಫೋರ್ನಿಯಾದಲ್ಲಿ 18 ತುಂಬದವರಿಗೆ ಸ್ಪ್ರೇ ಪೇಂಟ್ ಮಾರುವಂತಿಲ್ಲ, ಗೋಡೆಗೀಚುವವರ ಭಯ. ಮಗ ವಾರ್‌ಹ್ಯಾಮರ್ ಎಂಬ ಗೊಂಬೆಗಳ ಯುದ್ಧದಾಟ ಆಡುತ್ತಾನೆ, ಅವನ ಸೈನ್ಯಕ್ಕೆ ಪ್ರೈಮರ್ ಬೇಕಿತ್ತು, ಗುರುತಿನ ಚೀಟಿ ಹಿಡಿದು ನಾನು ಜೊತೆಗೆ ಹೋದೆ. ಎರಡು ವರ್ಷವಾಯಿತು. ಅವನ ಸೈನ್ಯ ಇನ್ನೂ ಬೂದು ಪ್ಲಾಸ್ಟಿಕ್ಕಿನಲ್ಲೇ ಇದೆ. ನನ್ನ ಕಪಾಟು ತುಂಬಿದೆ.

ಜನವರಿ 5, ಭಾನುವಾರ

ಅವಸರ ಮಾಡಿದೆ. ಬೆಳಿಗ್ಗೆ ಕಾಫಿಗೂ ಮೊದಲು ಅಂಗಳಕ್ಕೆ ಹೋಗಿ ಕಪ್ಪು ಪ್ರೈಮರ್ ಹೊಡೆದೆ. ಕೊಲ್ಲಿಯ ಕಡೆಯಿಂದ ಬಂದ ಮಂಜು ಇನ್ನೂ ಕರಗಿರಲಿಲ್ಲ. ತೇವದ ಗಾಳಿಯಲ್ಲಿ ಪ್ರೈಮರ್ ನಯವಾಗಿ ಹರಡದೆ ಪುಡಿಯಾಗಿ ಕೂರುತ್ತದಂತೆ. ಆರು ಜನರ ಮೈಮೇಲೆ ರವೆ ಉದುರಿಸಿದ ಹಾಗಾಗಿದೆ. ಆ ಆರನ್ನೂ ಆಲ್ಕೊಹಾಲಿನಲ್ಲಿ ಮುಳುಗಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಮತ್ತೆ ಲೋಹಕ್ಕೆ ತಂದೆ. ಉಳಿದವರಿಗೆ ಮಧ್ಯಾಹ್ನ ಎರಡರ ಬಿಸಿಲಿನಲ್ಲಿ, ಒಂದಡಿ ದೂರದಿಂದ, ಬೀಸಿ ಬೀಸಿ ಹೊಡೆದೆ. ಸರಿಯಾಯಿತು. ಹೆಂಡತಿ ಕಿಟಕಿಯಿಂದ ನೋಡಿ "ಸೊಳ್ಳೆಗೆ ಔಷಧಿ ಹೊಡೆಯೋ ಮುನಿಸಿಪಾಲಿಟಿಯವರ ಹಾಗೆ ಕಾಣ್ತಿದ್ದೀರಿ" ಎಂದಳು.

ಜನವರಿ 11, ಶನಿವಾರ

ಆಡಲಿರುವುದು ಸುಲ್ತಾನ್‌ಪೇಟೆ ತೋಪಿನ ಕಾಳಗ, 1799ರ ಏಪ್ರಿಲ್ 5ರ ರಾತ್ರಿ. ಶ್ರೀರಂಗಪಟ್ಟಣದ ಮುತ್ತಿಗೆಗೆ ಮುನ್ನ ಆರ್ಥರ್ ವೆಲ್ಲೆಸ್ಲಿ ಕತ್ತಲಲ್ಲಿ ಟಿಪ್ಪುವಿನ ಪಡೆಯಿದ್ದ ತೋಪಿಗೆ ನುಗ್ಗಿ, ದಿಕ್ಕು ತಪ್ಪಿ, ಮೊಣಕಾಲಿಗೆ ಗುಂಡು ತಾಗಿಸಿಕೊಂಡು ವಾಪಸಾದ. ಮರುದಿನ ಬೆಳಕಿನಲ್ಲಿ ದೊಡ್ಡ ಪಡೆಯೊಂದಿಗೆ ಬಂದು ತೋಪನ್ನು ಹಿಡಿದದ್ದು ಬೇರೆ ಮಾತು. ಮುಂದೆ ವೆಲಿಂಗ್ಟನ್ ಡ್ಯೂಕ್ ಆದವನು ಹೀಗೆ ಮುಗ್ಗರಿಸಿದ್ದು ಅಪರೂಪ. ಗೆಳೆಯ ಅವನ 33ನೇ ರೆಜಿಮೆಂಟಿಗೆ ಬಣ್ಣ ಹಾಕುತ್ತಿದ್ದಾನೆ. ಅವನಿಗೇನು, ಕೋಟೂ ಕೆಂಪು, ಕಾಲರೂ ಕೆಂಪು.

ನನಗೆ ಸಿಕ್ಕದ್ದು ಹುಲಿಯಂಗಿ. ನೇರಳೆ ಬಟ್ಟೆ, ಅದರ ತುಂಬ ಬಿಳಿಯ ವಜ್ರಾಕಾರದ ಚುಕ್ಕಿ, ಕೆಂಪು ಪೇಟ, ಕೆಂಪು ನಡುಕಟ್ಟು: ಆ ಕಾಲದ ಇಂಗ್ಲಿಷರು ಟಿಪ್ಪುವಿನ ಕಾಲಾಳುಗಳನ್ನು ಹೀಗೆ ವರ್ಣಿಸಿದ್ದಾರೆ. ಚಿತ್ರಕಾರ ರಾಬರ್ಟ್ ಹೋಮ್ ಬರೆದ, ರಾಕೆಟ್ಟನ್ನೇ ಬಾವುಟದ ಕೋಲು ಮಾಡಿಕೊಂಡು ನಿಂತ ಸಿಪಾಯಿಯ ಚಿತ್ರವನ್ನು ಎದುರಿಗೆ ಅಂಟಿಸಿಕೊಂಡು ಕೂತೆ.

ಒಬ್ಬನ ಅಂಗಿಗೆ 31 ಚುಕ್ಕಿ. ಒಂದೊಂದಕ್ಕೂ ನಾಲ್ಕು ಮೂಲೆ. ಜೊತೆಗೆ ಕಣ್ಣಿನ ಬಿಳಿ, ಅದರೊಳಗೆ ಕಪ್ಪು, ಮೀಸೆಯ ಕೆಳಗೆ ತುಟಿ. ಒಟ್ಟು ಮೂರು ಗಂಟೆ ನಲವತ್ತು ನಿಮಿಷ. ಚೆಂದ ಬಂದಿದ್ದಾನೆ, ಸುಳ್ಳು ಯಾಕೆ. ಆದರೆ 48 ಜನಕ್ಕೆ 176 ಗಂಟೆ. ಕಚೇರಿಗೆ ರಾಜೀನಾಮೆ ಕೊಡಬೇಕಾಗುತ್ತದೆ.

ಜನವರಿ 14, ಮಂಗಳವಾರ. ಸಂಕ್ರಾಂತಿ

ಎಳ್ಳು ಬೀರಲು ಬಂದವರಲ್ಲಿ ಒಬ್ಬರು ಗರಾಜಿಗೆ ಇಣುಕಿದರು. "ಟಿಪ್ಪೂನಾ?" ಎಂದರು. ಆ ಒಂದು ಪದದಲ್ಲೇ ಅವರು ಯಾವ ಕಡೆ ಎಂದು ಗೊತ್ತಾಯಿತು. ಪಕ್ಕದವರು ಇನ್ನೊಂದು ಕಡೆ. ಕೈಯಲ್ಲಿ ಸಕ್ಕರೆ ಅಚ್ಚು ಹಿಡಿದುಕೊಂಡೇ ಹದಿನೈದು ನಿಮಿಷ ಜಗಳವಾಡಿದರು. ನಮ್ಮೂರು ಹೊಸನಗರ ತಾಲೂಕು. ಅಲ್ಲಿಯ ಬಿದನೂರನ್ನು, ಅಂದರೆ ಈಗಿನ ನಗರವನ್ನು, ಟಿಪ್ಪುವಿನ ಅಪ್ಪ ಹೈದರ್ ಹಿಡಿದದ್ದು 1763ರಲ್ಲಿ. ಅಪ್ಪನ ಬಾಯಲ್ಲಿ ಆ ಮನೆತನ ದೇವರೂ ಅಲ್ಲ, ದೆವ್ವವೂ ಅಲ್ಲ, ಕೋಟೆ ಹಿಡಿದವರು ಅಷ್ಟೆ. ನನಗೆ ಸದ್ಯಕ್ಕೆ ಇದು ನೇರಳೆ ಬಣ್ಣದ ಸಮಸ್ಯೆ. ಹಾಗೆಂದರೆ ಇಬ್ಬರಿಗೂ ಸಿಟ್ಟು ಬರುತ್ತಿತ್ತು. ಹೇಳಲಿಲ್ಲ.

ಜನವರಿ 18, ಶನಿವಾರ

ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿದ್ದೆವು. ಚೈನಾಟೌನಿನ ಪೋರ್ಟ್ಸ್‌ಮತ್ ಸ್ಕ್ವೇರಿನಲ್ಲಿ ಮುದುಕರು ಇಸ್ಪೀಟಾಡುವ ಜಾಗದ ಹತ್ತಿರ ಕಲ್ಲಿನ ಸ್ಮಾರಕವೊಂದಿದೆ, ಮೇಲೆ ಕಂಚಿನ ಹಡಗು. 'ಟ್ರೆಷರ್ ಐಲೆಂಡ್' ಬರೆದ ಸ್ಟೀವನ್‌ಸನ್‌ಗೆ 1897ರಲ್ಲಿ ನಿಲ್ಲಿಸಿದ್ದು. 1880ರಲ್ಲಿ ಅವನ ಮದುವೆಯಾದದ್ದು ಇದೇ ಊರಲ್ಲಿ. ಹೆಂಡತಿಯ ಮೊದಲ ಮದುವೆಯ ಮಗ ಲಾಯ್ಡ್ ಆಸ್ಬೋರ್ನ್ ಹುಟ್ಟಿದ್ದೂ ಇಲ್ಲೇ. ಮುಂದೆ ದಾವೋಸಿನ ಚಳಿಯಲ್ಲಿ, ಎದೆಯ ಕಾಯಿಲೆಯ ಸ್ಟೀವನ್‌ಸನ್ ಆ ಹುಡುಗನ ಜೊತೆ ನೆಲದ ಮೇಲೆ ಮಲಗಿ ಸೀಸದ ಸಿಪಾಯಿಗಳ ಯುದ್ಧ ಹೂಡುತ್ತಿದ್ದ. ಅದನ್ನು ಲಾಯ್ಡ್ 1898ರಲ್ಲಿ ಪತ್ರಿಕೆಗೆ ಬರೆದ. ಎಚ್. ಜಿ. ವೆಲ್ಸ್ ಈ ಆಟಕ್ಕೆ ನಿಯಮದ ಪುಸ್ತಕ 'ಲಿಟಲ್ ವಾರ್ಸ್' ತಂದದ್ದು ಅದಾದ ಮೇಲೆ, 1913ರಲ್ಲಿ.

ಇದನ್ನೆಲ್ಲ ಮಗನಿಗೆ ಹೇಳಿದೆ. ಫೋನಿನಿಂದ ತಲೆಯೆತ್ತಿ ಹಡಗನ್ನು ನೋಡಿ, "ಹಾಯಿಗೆ ಡ್ರೈಬ್ರಷ್ ಮಾಡಿದ ಹಾಗಿದೆ" ಎಂದ. ಒಣಕುಂಚದಿಂದ ಉಬ್ಬುಗಳಿಗಷ್ಟೇ ಬಣ್ಣ ಸವರುವುದು ಡ್ರೈಬ್ರಷ್; ಕಂಚಿನ ಉಬ್ಬುಗಳ ಮೇಲೆ ಕಿಲುಬು ನಿಜಕ್ಕೂ ಹಾಗೇ ಕೂತಿತ್ತು.

ಜನವರಿ 19, ಭಾನುವಾರ

ಹುಲಿಯಂಗಿಯವನನ್ನು ಒಯ್ದು ಗೆಳೆಯನಿಗೆ ತೋರಿಸಿದೆ. ನಿವೃತ್ತ ಮೇಷ್ಟ್ರು, 1976ರಿಂದ ನಡೆಯುತ್ತಿರುವ ಡನ್‌ಡ್ರಾಕಾನ್ ಆಟದ ಮೇಳಗಳಲ್ಲಿ ಪಳಗಿದ ಕೈ. ಕೈಗೆ ತೆಗೆದುಕೊಳ್ಳಲೇ ಇಲ್ಲ. ಮೇಜಿನ ನಡುವೆ ಇಡಿಸಿ, ಕೈಕಟ್ಟಿ ನಿಂತು, "ಚುಕ್ಕಿ ಕಾಣ್ತಿದೆ, ಮೂಲೆ ಕಾಣ್ತಿಲ್ಲ. ಕಣ್ಣು ಎರಡೂ ಬೆಚ್ಚಿದ ಹಾಗಿವೆ" ಎಂದ. ಇದಕ್ಕೆ ಆಟದವರು ಮೂರಡಿ ನಿಯಮ ಎನ್ನುತ್ತಾರೆ: ಆಡುವವನು ಗೊಂಬೆ ನೋಡುವುದು ಮೂರಡಿ ಮೇಲಿನಿಂದ, ಅಲ್ಲಿಗೆ ಒಪ್ಪಿದರೆ ಟೇಬಲ್‌ಟಾಪ್ ಮಟ್ಟ ಮುಟ್ಟಿತು. ಮಗನ ವಾರ್‌ಹ್ಯಾಮರಿನಲ್ಲಿ ಅದಕ್ಕೆ ಅಂಕವೂ ಉಂಟು. ಇಡೀ ಸೈನ್ಯಕ್ಕೆ ಬಣ್ಣವಾಗಿ, ಗೊಂಬೆಯ ಕಾಲಡಿಯ ಬಿಲ್ಲೆ, ಅಂದರೆ ಬೇಸೂ ಮುಗಿದಿದ್ದರೆ ನೂರರಲ್ಲಿ ಹತ್ತು. ಆ ಹತ್ತು ಅವನಿಗೆ ಒಮ್ಮೆಯೂ ಸಿಕ್ಕಿಲ್ಲ.

ಮೊದಲು ಬೇಜಾರಾಯಿತು. ನವರಾತ್ರಿಗೆ ಅಮ್ಮ ಬೊಂಬೆ ಕೂರಿಸುತ್ತಿದ್ದದ್ದು ನೆನಪಾಯಿತು. ಮೇಲಿನ ಮೆಟ್ಟಿಲಲ್ಲಿದ್ದ ಪಟ್ಟದ ಬೊಂಬೆಯ ಮೂಗು ಸವೆದು ಎಷ್ಟೋ ವರ್ಷವಾಗಿತ್ತು; ಆರತಿಗೆ ಬಂದ ಒಬ್ಬರೂ ಅದನ್ನು ಗಮನಿಸಿದ್ದಿಲ್ಲ. ಕೆಳಗಿನ ಮೆಟ್ಟಿಲಿನ ಶೆಟ್ಟಿ ಅಂಗಡಿಯನ್ನು ಮಾತ್ರ ಮಕ್ಕಳು ಮೂಗು ತಾಗಿಸಿ ನೋಡುತ್ತಿದ್ದರು.

ಜನವರಿ 25, ಶನಿವಾರ

ಸಾಲು ಕೆಲಸ ಶುರು. ಪ್ಲಾಸ್ಟಿಕ್ ಬಾಟಲಿಗಳ ಮುಚ್ಚಳಕ್ಕೆ ಒಬ್ಬೊಬ್ಬನನ್ನು ಅಂಟಿಸಿ ಹನ್ನೆರಡು ಜನರನ್ನು ಸಾಲಾಗಿ ನಿಲ್ಲಿಸಿದೆ. ಮೊದಲು ಹನ್ನೆರಡು ಅಂಗಿ, ಆಮೇಲೆ ಹನ್ನೆರಡು ಪೇಟ, ಆಮೇಲೆ ಹನ್ನೆರಡು ಮುಖ. ಹನ್ನೆರಡನೆಯವನಿಗೆ ಮುಗಿಯುವಷ್ಟರಲ್ಲಿ ಮೊದಲನೆಯವನು ಒಣಗಿರುತ್ತಾನೆ. ಹಳೆಯ ಊಟದ ಡಬ್ಬಿಗೆ ಒದ್ದೆ ಸ್ಪಂಜು ಹಾಕಿ, ಮೇಲೆ ಬೇಕಿಂಗ್ ಪೇಪರ್ ಹಾಸಿದರೆ ಬಣ್ಣ ಎರಡು ದಿನ ಆರುವುದಿಲ್ಲ. ಚುಕ್ಕಿ ಈಗ ಅಂಗಿಗೆ ಒಂಬತ್ತು: ಎದೆಗೆ ನಾಲ್ಕು, ಬೆನ್ನಿಗೆ ಮೂರು, ತೋಳಿಗೊಂದೊಂದು. ವಜ್ರಾಕಾರವಿಲ್ಲ, ಕುಂಚದ ತುದಿಯನ್ನು ಓರೆಯಾಗಿ ಒತ್ತಿ ಎತ್ತುವುದು, ಅಕ್ಕಿಕಾಳಿನ ಗುರುತು. ಸಣ್ಣ ಕೆಲಸಕ್ಕೆ ಸಣ್ಣ ಕುಂಚ ಬೇಕೆಂದು ನಂಬಿ ಸೊನ್ನೆ ಸೊನ್ನೆ ಸೊನ್ನೆ ನಂಬರಿನವಕ್ಕೆ ಸುರಿದ ದುಡ್ಡು ದಂಡ. ಅವುಗಳ ತುದಿಯಲ್ಲೇ ಬಣ್ಣ ಒಣಗಿಬಿಡುತ್ತದೆ. ಒಂದನೇ ನಂಬರಿನ ಒಳ್ಳೆಯ ಕುಂಚ ಸಾಕು, ಮೊನೆ ಇರಬೇಕಷ್ಟೆ.

ಕೈ ತಾನಾಗಿ ಓಡುವಾಗ ಹೈಸ್ಕೂಲು ಪ್ರವಾಸದಲ್ಲಿ ಶ್ರೀರಂಗಪಟ್ಟಣದಲ್ಲಿ ನೋಡಿದ ಟಿಪ್ಪುವಿನ ದರಿಯಾ ದೌಲತ್ ಕಣ್ಣಿಗೆ ಬಂತು. 1784ರ ಬೇಸಿಗೆ ಅರಮನೆ, ಪಶ್ಚಿಮದ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧ. ಆನೆಯ ಮೇಲೆ ಹೈದರ್, ಪಲ್ಲಕ್ಕಿಯಲ್ಲಿ ಗಾಯಗೊಂಡ ಇಂಗ್ಲಿಷರ ಕರ್ನಲ್ ಬೈಲಿ, ಹೊತ್ತಿ ಉರಿಯುವ ಮದ್ದಿನ ಗಾಡಿ. ಆಗ ನಮ್ಮ ಶಾಲೆಯ ಮೇಷ್ಟ್ರು ಇವನ್ನೇ ತೋರಿಸಿದ್ದರು. ಇವತ್ತು ನೆನಪಾದದ್ದು ಉಳಿದವರು: ಸಾಲು ಸಾಲು ಸಿಪಾಯಿಗಳು, ಒಂದೇ ಮಗ್ಗುಲಿನ ಮುಖ, ಒಂದೇ ಮೀಸೆ, ಒಂದೇ ಕೋನಕ್ಕೆ ಬಂದೂಕು. ಆ ಗೋಡೆಯ ಕಲಾವಿದರೂ ಹೀಗೇ ಮಾಡಿರಬೇಕು. ಬೆಳಿಗ್ಗೆಯೆಲ್ಲ ಕೆಂಪು ಕೋಟು, ಮಧ್ಯಾಹ್ನವೆಲ್ಲ ಮೀಸೆ. ಬೈಲಿಯ ಮುಖಕ್ಕೆ ಮಾತ್ರ ಹಿರಿಯ ಕೈ. ಇದಕ್ಕೆ ಪುರಾವೆ ಏನಿಲ್ಲ. ಇಪ್ಪತ್ತನೆಯ ಪೇಟ ಬರೆಯುವವನ ಊಹೆ.

ಫೆಬ್ರವರಿ 1, ಶನಿವಾರ

ವಾಷ್ ಹಾಕಿದೆ. ನೀರಿನಂಥ ಕಂದು ಬಣ್ಣ, ಮಡಿಕೆಗಳಿಗೆ ಇಳಿದು ನೆರಳಾಗುತ್ತದೆ, ಉಬ್ಬು ಹಾಗೇ ಉಳಿಯುತ್ತದೆ. ಆಟದವರು ಇದನ್ನು ತಮಾಷೆಗೆ 'ಬಾಟಲಿಯಲ್ಲಿ ಸಿಗುವ ಪ್ರತಿಭೆ' ಎನ್ನುವುದು ಸುಮ್ಮನೆ ಅಲ್ಲ. ನಿನ್ನೆಯವರೆಗೆ ಪ್ಲಾಸ್ಟಿಕ್ ಬೊಂಬೆಯಂತೆ ಹೊಳೆಯುತ್ತಿದ್ದವರಿಗೆ ಇವತ್ತು ಕೆನ್ನೆಯ ಮೂಳೆ ಬಂದಿದೆ, ಬೆರಳುಗಳು ಬೇರೆಬೇರೆಯಾಗಿವೆ. ಕಣ್ಣು ಬರೆಯುವುದನ್ನೇ ಬಿಟ್ಟೆ. ಹುಬ್ಬಿನ ಕೆಳಗಿನ ನೆರಳೇ ಕಣ್ಣು.

ಹೆಚ್ಚಾದರೆ ಮಾತ್ರ ಕೇಡು. ಸಮತಟ್ಟಾದ ಜಾಗದಲ್ಲಿ ನಿಂತು ಒಣಗಿ, ಕಾಫಿ ಲೋಟದ ತಳದ ಉಂಗುರದ ಹಾಗೆ ಕಲೆ. ಇಬ್ಬರ ಬೆನ್ನಿಗೆ ಹಾಗಾಗಿದೆ. ಅವರು ಹಿಂದಿನ ಸಾಲಿಗೆ.

ಫೆಬ್ರವರಿ 4, ಮಂಗಳವಾರ

ಮಳೆ. ರಾತ್ರಿಯೆಲ್ಲ ರಾಕೆಟ್ಟಿನವರ ಜೊತೆ ಇದ್ದೆ. ರಾಕೆಟ್ಟಿನ ಬಿದಿರುಕೋಲಿಗೆ ಹಳದಿ ಮಿಶ್ರಿತ ಕಂದು ಸುಲಭ, ಕೊಳವೆಯದೇ ಪ್ರಶ್ನೆ. ಶಿವಮೊಗ್ಗದ ತಮ್ಮನಿಗೆ ಫೋನು ಮಾಡಿದೆ. 2018ರಲ್ಲಿ ನಮ್ಮ ನಗರದ ಪಾಳುಬಾವಿಯೊಂದರ ಹೂಳಿನಲ್ಲಿ ಸಾವಿರದಷ್ಟು ರಾಕೆಟ್ಟಿನ ಕೊಳವೆಗಳು ಸಿಕ್ಕವಲ್ಲ, ಅವುಗಳ ಫೋಟೊ ಇದ್ದರೆ ಕಳಿಸು ಎಂದೆ. ಅವನು ಕಳಿಸಿದ ಫೋಟೊದಲ್ಲಿ ಬರೀ ತುಕ್ಕು, ಮಳೆಗಾಲದಲ್ಲಿ ಅಂಗಳದಲ್ಲಿ ಮರೆತ ಹಾರೆಯ ಬಣ್ಣ. ಆದರೆ 1799ರಲ್ಲಿ ಅವು ತುಕ್ಕು ಹಿಡಿದಿರಲಿಲ್ಲವಲ್ಲ. ಕಬ್ಬಿಣದ ಕಪ್ಪನ್ನೇ ಹಚ್ಚಿ, ಅಂಚಿಗೆ ಒಂದೆಳೆ ಬೆಳ್ಳಿ ಎಳೆದೆ. ಒಂದಕ್ಕೆ ಮಾತ್ರ, ತಮ್ಮನ ಮರ್ಯಾದೆಗೆ, ತುಕ್ಕು.

ಫೆಬ್ರವರಿ 9, ಭಾನುವಾರ

ಬೇಸುಗಳು. ಹಿತ್ತಿಲ ಮಣ್ಣನ್ನು ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಹುಳ ಸಾಯಲೆಂದು ಅವನ್‌ನಲ್ಲಿ ಬಿಸಿ ಮಾಡಿದೆ. ಮನೆಯಿಡೀ ಮೊದಲ ಮಳೆಯ ವಾಸನೆ. ಹೆಂಡತಿ ಸಿಟ್ಟಾಗಬೇಕಿತ್ತು; "ಊರಿನ ಥರ ಇದೆ" ಎಂದು ಅಡಿಗೆಮನೆಯಲ್ಲೇ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಜಾಲರಿ ನೋಡಿ ಸಿಟ್ಟಾದಳು.

ಅಂಟಿನ ಮೇಲೆ ಮಣ್ಣು, ಅದರ ಮೇಲೆ ಕೆಂಗಂದು, ಮೇಲಿಂದ ರಾಗಿ ಹಿಟ್ಟಿನ ಬಣ್ಣದ ಡ್ರೈಬ್ರಷ್. ಕುಂಚದ ಬಣ್ಣವನ್ನೆಲ್ಲ ಕಾಗದಕ್ಕೆ ಒರೆಸಿ, ಏನೂ ಉಳಿದಿಲ್ಲ ಎನಿಸಿದಾಗ ಸವರುವುದೇ ಡ್ರೈಬ್ರಷ್. ಕೊನೆಗೆ ಅಂಚಿಗೆ ಅಚ್ಚುಕಟ್ಟಾಗಿ ಒಂದು ಸುತ್ತು ಕಪ್ಪು. ಅಂಚು ಗಲೀಜಾಗಿದ್ದರೆ ಎಂಥ ಹುಲಿಯಂಗಿಯೂ ಅರೆಬರೆ ಕಾಣುತ್ತದೆ. ಸೀರೆಯ ಫಾಲ್ ಇದ್ದ ಹಾಗೆ.

ಫೆಬ್ರವರಿ 13, ಗುರುವಾರ

ಮತ್ತೆ ಜಡಿಮಳೆ. ಸ್ಪ್ರೇ ವಾರ್ನಿಶ್‌ಗೆ ಈ ತೇವದಲ್ಲಿ ಧೈರ್ಯ ಸಾಲದು, ಬಿಳಿ ಪೊರೆ ಕಟ್ಟಿದರೆ ಆರು ವಾರ ಮಣ್ಣುಪಾಲು. ಕುಂಚದಿಂದಲೇ ಹಚ್ಚಿದೆ. ಕಾಲಾಳು ಮುಗಿಯಿತು. ನಿದ್ದೆ.

ಫೆಬ್ರವರಿ 17, ಸೋಮವಾರ

ಗೆಳೆಯ ಆರಡಿ ಮೇಜಿನ ಮೇಲೆ ತೋಪು, ಅದರೊಳಗೆ ಕಾಲುವೆ ಎಲ್ಲ ಹೂಡಿದ್ದ. ರಾತ್ರಿಯ ಕಾಳಗವಲ್ಲವೇ, ಎದುರಿನವನು ಯಾರೆಂದು ಕಾಣುವುದಕ್ಕೂ ದಾಳ ಹಾಕಬೇಕು. ನಿಜವಾದ ಆ ರಾತ್ರಿಯಲ್ಲಿ ನನ್ನ ನೇರಳೆಯೂ ಅವನ ಕೆಂಪೂ ಒಂದೇ ಕಪ್ಪು. ಇದು ಜನವರಿಯಲ್ಲೇ ಹೊಳೆಯಬಾರದಿತ್ತೇ!

ಮಗನೂ ಬಂದಿದ್ದ, ನನ್ನ ಕಡೆಗೆ ರಾಕೆಟ್ಟಿನ ದಳಪತಿ. ರಾಕೆಟ್ಟಿನ ದಿಕ್ಕಿಗೂ ದಾಳ. ಮೊದಲ ಮೂರು ಇಂಗ್ಲಿಷರ ನಡುವೆ ಬಿದ್ದು ಅವರು ಕಾಲುವೆಗೆ ಇಳಿದರು. ನಾಲ್ಕನೆಯದು ತಿರುಗಿ ನಮ್ಮ ಎಡಸಾಲಿಗೇ ಬಂತು. ಏಳು ಜನ ಹೋದರು, ಆ 31 ಚುಕ್ಕಿಯವನೂ ಅವರಲ್ಲಿದ್ದ. ಒಟ್ಟಿನಲ್ಲಿ ತೋಪು ನಮ್ಮದೇ ಉಳಿಯಿತು. ಬೆಳಗಿನ ಪಾಳಿಯನ್ನು ಆಡೋಣವೇ ಎಂದ ಗೆಳೆಯ. ಅದರಲ್ಲಿ ಏನಾಯಿತೆಂದು ನಮಗೆ ಗೊತ್ತಿದೆ, ಊಟ ಮಾಡೋಣ ಎಂದೆ.

ಮನೆಗೆ ಬಂದು ಪೆಟ್ಟಿಗೆ ಬಿಚ್ಚಿದರೆ ರಾಕೆಟ್ಟಿನವರ ಪೇಟದ ತುದಿಗಳಲ್ಲಿ ಲೋಹ ಇಣುಕುತ್ತಿದೆ. ಗುರುವಾರ ಅವರಿಗೆ ವಾರ್ನಿಶ್ ಹಚ್ಚಲು ಮರೆತಿದ್ದೆ. ಮಗ ಇಡೀ ದಿನ ತಲೆ ಹಿಡಿದೇ ಎತ್ತಿಟ್ಟಿದ್ದಾನೆ. ಅವನೇ ಬಂದು ನೋಡಿದ. "ಕೆಂಪು ಯಾವುದು, ನಾನು ಮುಟ್ಟಿಸ್ತೀನಿ" ಎಂದು ಸ್ಟೂಲೆಳೆದು ಕೂತ. ಆರೂ ಪೇಟ ಮುಗಿಸಿ ಎದ್ದಾಗ ಹನ್ನೊಂದೂವರೆ. ಶನಿವಾರ ಅಂಗಡಿಗೆ ಹೋಗಬೇಕಂತೆ, ಗುರುತಿನ ಚೀಟಿ ಮರೆಯಬೇಡ ಅಂದಿದ್ದಾನೆ.