ವಿಳಾಸ ಫೋನಲ್ಲಿ ಹೇಳಿ ನೋಡಿ

ಬಂಟ್ವಾಳ, ಬೆಳ್ತಂಗಡಿ ಕಡೆಯಿಂದ ಹಲಸಿನ ಹಪ್ಪಳ, ಜೇನು ಆನ್‌ಲೈನಲ್ಲಿ ಮಾರಲು ಹೊರಟವರಿಗೆ ಒಂದು ಮಾತು. ವೆಬ್ ವಿಳಾಸಕ್ಕೆ ಊರಿನ ಹೆಸರು ಸೇರಿಸುವ ಮೊದಲು ಇಂಗ್ಲಿಷಿನಲ್ಲಿ ಅದನ್ನು ಎಷ್ಟು ಬಗೆಯಲ್ಲಿ ಬರೆಯುತ್ತಾರೆ ಅಂತ ನೋಡಿ. ಮೂಡುಬಿದಿರೆಯನ್ನೇ ತಗೊಳ್ಳಿ: ‘ಒ’ ಎರಡೋ, ‘ಯು’ ಒಂದೋ, ನಡುವೆ ‘ಎ’ ಉಂಟೋ ಇಲ್ಲವೋ, ಬೋರ್ಡಿಗೊಂದು ರೀತಿ. ಒಂದಕ್ಷರ ತಪ್ಪಿದರೆ ಗಿರಾಕಿ ನಿಮ್ಮನ್ನು ತಲುಪುವುದೇ ಇಲ್ಲ. 2014ರ ನವೆಂಬರ್ 1ರಂದು ಮ್ಯಾಂಗಲೋರ್ ಅಧಿಕೃತವಾಗಿ ಮಂಗಳೂರಾಯಿತು. ಜನ ಈಗಲೂ ಎರಡನ್ನೂ ಟೈಪ್ ಮಾಡುತ್ತಾರೆ.

ಗಿಡ್ಡ ಹೆಸರು ಸಾಕು. ಅಂಕಿ, ಅಡ್ಡಗೆರೆ ಬೇಡ. ಫೋನಲ್ಲಿ ಒಮ್ಮೆ ಹೇಳಿದರೆ ಎದುರಿನವರು ಸರಿಯಾಗಿ ಬರೆದುಕೊಳ್ಳುವಂತಿರಬೇಕು. ಕನ್ನಡ ಲಿಪಿಯಲ್ಲೇ ‘.ಭಾರತ’ ವಿಳಾಸವೂ ಉಂಟು, ‘.ಇನ್’ ಜೊತೆಗೆ ಅದನ್ನೂ ತೆಗೆದಿಡಿ. ಮತ್ತೆ, ನೋಂದಣಿ ನಿಮ್ಮ ಹೆಸರಲ್ಲೇ ಇರಲಿ, ವೆಬ್‌ಸೈಟ್ ಮಾಡಿಕೊಟ್ಟವರ ಹೆಸರಲ್ಲಿ ಖಂಡಿತ ಬೇಡ.