ಬಸವನ ಹೆಸರಿನ ಸೀಮೆಯಲ್ಲಿ

ಬಸವನ ಬಾಗೇವಾಡಿಯ ಬಸ್ ಸ್ಟ್ಯಾಂಡಿನಲ್ಲಿ ಯಾರೋ "ಬಸಣ್ಣಾ" ಎಂದು ಕೂಗಿದರು. ಚಹಾದಂಗಡಿಯ ಮುಂದೆ ನಿಂತ ಹಿರಿಯರು, ಹೂವಿನ ಬುಟ್ಟಿ ಹೊತ್ತವರು, ಬೈಕ್ ಏರುತ್ತಿದ್ದ ಹುಡುಗ, ಎಲ್ಲರೂ ಒಟ್ಟಿಗೇ ತಿರುಗಿದರು. "ಗಿರಣಿ ಬಸಣ್ಣಗ ಕರದೇನ್ರಿ" ಎಂಬ ಮಾತು ಬಂದ ಮೇಲೆ ಉಳಿದವರು ತಮ್ಮ ತಮ್ಮ ಕೆಲಸಕ್ಕೆ ಮರಳಿದರು. ಅವರಿಗೆ ಇದು ದಿನನಿತ್ಯದ ಸಂಗತಿ. ನಾನು ಮಾತ್ರ ಬೆರಗಾಗಿ ನಿಂತೆ.

ಬಸಪ್ಪ, ಬಸವ್ವ, ಬಸವರಾಜ, ಬಸವಂತ, ಬಸಲಿಂಗ, ಬಸನಗೌಡ, ಗುರುಬಸಪ್ಪ, ಸಂಗನಬಸಪ್ಪ, ಚನ್ನಬಸಪ್ಪ: ಎಂಟು ನೂರು ವರ್ಷ ದಾಟಿದರೂ ಒಂದೇ ಹೆಸರು ಹೀಗೆ ಕವಲೊಡೆಯುತ್ತಲೇ ಇದೆ. ಗುರುತು ಹಿಡಿಯಲು ಊರಿನವರು ಮಾಡಿಕೊಂಡ ಉಪಾಯಗಳೂ ಸೊಗಸು. ಬಡಿಗೇರ, ಕುಂಬಾರ, ಹೂಗಾರ ಎಂಬ ಕಸುಬಿನ ಅಡ್ಡಹೆಸರು. ಇಂಡಿ, ಸಿಂದಗಿ ಎಂಬ ಊರಿನ ಅಡ್ಡಹೆಸರು. ಅದೂ ಸಾಲದಾದರೆ ಅಂಗಡಿಯದೋ ಗಿರಣಿಯದೋ ಗುರುತು.

ಹೆಸರಿನ ಈ ಹಂಚಿಕೆ ಶುರುವಾದದ್ದು ಬಸವಣ್ಣನ ಮನೆಯಲ್ಲೇ. ಅಕ್ಕ ನಾಗಮ್ಮನ ಮಗ ಚನ್ನಬಸವಣ್ಣ. ಮಾವನ ಅಂಕಿತ ಕೂಡಲಸಂಗಮದೇವ. ಅಳಿಯನದು ಅದಕ್ಕೇ 'ಚೆನ್ನ' ಸೇರಿಸಿದ ಕೂಡಲಚೆನ್ನಸಂಗಮದೇವ. ಇಬ್ಬರೂ ವಚನದ ಕೊನೆಗೆ ತಮ್ಮ ಹೆಸರು ಹಾಕಲಿಲ್ಲ, ದೇವರ ಹೆಸರು ಹಾಕಿದರು. ಈ ನೆಲದಲ್ಲಿ ಹೆಸರನ್ನು ಯಾರೂ ತಮ್ಮೊಬ್ಬರದೇ ಎಂದುಕೊಂಡಂತಿಲ್ಲ. ನನಗೆ ಬಹಳ ಹಿಡಿಸಿದ್ದು ಇದೇ.

ಬಾಗೇವಾಡಿಯಿಂದ ಇಂಗಳೇಶ್ವರ ದೂರವಿಲ್ಲ. ಅಲ್ಲಿಯ ವಚನ ಶಿಲಾಮಂಟಪದಲ್ಲಿ ವಚನಗಳನ್ನು ಕಲ್ಲಿನಲ್ಲಿ ಕೊರೆದಿದ್ದಾರೆ. ಪುಟ ತಿರುವಿ ಓದುವ ನಾನು ಇಲ್ಲಿ ಹೆಜ್ಜೆ ಹಾಕುತ್ತ ಓದಿದೆ. ನೋಡಲು ಬಂದ ಅಜ್ಜಿಯೊಬ್ಬರು ಅಕ್ಷರ ಬಾರದಿದ್ದರೂ ಗೆರೆಯೊಳಗೆ ಬೆರಳಿಟ್ಟು ಸವರುತ್ತಿದ್ದರು. ಪಕ್ಕದಲ್ಲಿ ಮೊಮ್ಮಗಳು ಗಟ್ಟಿಯಾಗಿ ಓದುತ್ತಿದ್ದಳು. ಒಂದೇ ವಚನ ಒಬ್ಬರ ಕಿವಿಗೂ ಬೆರಳಿಗೂ ಇನ್ನೊಬ್ಬರ ಕಣ್ಣಿಗೂ ಸಿಕ್ಕಿತ್ತು.

ಮುದ್ದೇಬಿಹಾಳದ ಕಡೆ ಹೋದರೆ ಕೃಷ್ಣೆಯ ಹಿನ್ನೀರು. ಕೆಳಗೆ ನಾರಾಯಣಪುರದಲ್ಲಿ ಹೊಳೆಯನ್ನು ತಡೆದ ಜಲಾಶಯದ ಹೆಸರು ಬಸವಸಾಗರ. ಮನುಷ್ಯರಿಗೆ ಹಂಚಿ ಮಿಕ್ಕಿದ್ದನ್ನು ನೀರಿಗೂ ಕೊಟ್ಟಿದ್ದಾರೆ! ಸಿಂದಗಿಯಲ್ಲಿ ರೊಟ್ಟಿ ಊಟ ಮಾಡಿ ಬಸ್ ಹಿಡಿದೆ, ಮನಸ್ಸು ಆಗಲೇ ಮುಂದೆ ಓಡಿತ್ತು. ಇಂಡಿಯ ಲಿಂಬೆ ತೋಟಗಳ ಹಾದಿ ಹಿಡಿದು ನಾನು ಹೊರಟದ್ದು ಹಲಸಂಗಿಗೆ.

ಮೊದಲು ಇಂಡಿ ತಾಲೂಕಿನಲ್ಲಿದ್ದು ಈಗ ಚಡಚಣ ತಾಲೂಕಿಗೆ ಸೇರಿರುವ ಸಣ್ಣ ಊರು ಇದು. ಮಧುರಚೆನ್ನ, ಸಿಂಪಿ ಲಿಂಗಣ್ಣ, ರೇವಪ್ಪ ಕಾಪಸೆ, ಧೂಲಾಸಾಹೇಬ: ಈ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಬೀಸುಕಲ್ಲಿನ ಪದಗಳನ್ನು ಕೇಳಿ ಕೇಳಿ ಬರೆದುಕೊಂಡರು. 1931ರಲ್ಲಿ ಆ ಪದಗಳ ಸಂಕಲನ 'ಗರತಿಯ ಹಾಡು' ಬಂತು. ಚೆನ್ನಮಲ್ಲಪ್ಪ ಗಲಗಲಿ ಎಂಬವರು ಕಾವ್ಯಕ್ಕಾಗಿ ಮಧುರಚೆನ್ನ ಆದರು. ಆದರೆ ಅವರೆಲ್ಲ ಕೂಡಿ ಉಳಿಸಿದ ಹಾಡುಗಳನ್ನು ಕಟ್ಟಿದ ತಾಯಂದಿರ ಹೆಸರು ಯಾವ ಪುಟದಲ್ಲೂ ಇಲ್ಲ.

ಹೆಸರಿಲ್ಲದ ಆ ತಾಯಂದಿರಿಂದ ನನಗೆ ನೆನಪಾದದ್ದು ನ್ಯೂಯಾರ್ಕಿನ 'ಆಸ್ಪೆನ್' ಪತ್ರಿಕೆ. 1965ರಲ್ಲಿ ಫಿಲ್ಲಿಸ್ ಜಾನ್ಸನ್ ಆರಂಭಿಸಿದ ಅದಕ್ಕೆ ಹೊಲಿದ ಪುಟಗಳಿರಲಿಲ್ಲ, ಡಬ್ಬಿಯಲ್ಲಿ ತುಂಬಿ ಓದುಗರಿಗೆ ಕಳಿಸುತ್ತಿದ್ದರು. ಬ್ರಿಯಾನ್ ಒಡೊಹರ್ಟಿ ಸಂಪಾದಿಸಿದ 1967ರ ಜೋಡಿ ಸಂಚಿಕೆಯ ಬಿಳಿ ಡಬ್ಬಿಯಲ್ಲಿ ಧ್ವನಿಮುದ್ರಿಕೆಗಳಿದ್ದವು, ಫಿಲಂ ಸುರುಳಿ ಇತ್ತು, ಪುಸ್ತಿಕೆಗಳಿದ್ದವು. ಕೃತಿಯನ್ನು ಅರಿಯಲು ಕರ್ತೃವಿನ ಹೆಸರನ್ನೇ ನೆಚ್ಚಬೇಕಿಲ್ಲ ಎಂದ ರೋಲಾಂ ಬಾರ್ತನ ಹೆಸರಾಂತ ಪ್ರಬಂಧ ಇಂಗ್ಲಿಷಿನಲ್ಲಿ ಮೊದಲು ಬಂದದ್ದು ಅದರಲ್ಲೇ. ಹಲಸಂಗಿಯ ಬೀಸುಕಲ್ಲಿನ ಮುಂದೆ ಕೂತವರು ಆ ಮಾತನ್ನು ಎಷ್ಟೋ ಮೊದಲೇ ಬಾಳಿ ತೋರಿಸಿದ್ದರು.

ಗರತಿಯ ಹಾಡಿಗೆ ಇಂಥದೊಂದು ಡಬ್ಬಿ ಬೇಕು ಎಂದು ನನಗೆ ಬಲವಾಗಿ ಅನಿಸಿತು. ಅಚ್ಚಿನಲ್ಲಿ ತ್ರಿಪದಿಯ ಮೂರು ಸಾಲು ಉಳಿದವು, ಕಲ್ಲಿನ ಗರಗರ ಸದ್ದು ಬರಲಿಲ್ಲ. ಗೂಟ ಹಿಡಿದ ತೋಳು ಒಂದು ಸುತ್ತು ಮುಗಿಸುವಾಗ ರಾಗ ಎಲ್ಲಿ ಎಳೆದು ಎಲ್ಲಿ ನಿಲ್ಲುತ್ತದೆ ಎಂಬುದೂ ಬರಲಿಲ್ಲ.

ಒಂದು ಮನೆಯಲ್ಲಿ ಕೇಳಿದಾಗ ಹಿರಿಯ ತಾಯಿಯೊಬ್ಬರು ಹಿತ್ತಿಲಲ್ಲಿ ಮೂಲೆ ಸೇರಿದ್ದ ಬೀಸುಕಲ್ಲನ್ನು ಒರೆಸಿ, ಒಂದು ಹಿಡಿ ಬಿಳಿಜೋಳ ಹಾಕಿ ಕೂತರು. ಮೊದಲ ಸುತ್ತಿಗೆ ದನಿ ಒಡೆಯಿತು. ಎರಡು ಮೂರು ಸುತ್ತು ತಿರುಗಿದ ಮೇಲೆ ಕಲ್ಲೂ ಕೊರಳೂ ಕೂಡಿಕೊಂಡವು. ನನ್ನ ಮೈ ನವಿರೆದ್ದಿತು. ಫೋನಿನಲ್ಲಿ ಹಿಡಿದದ್ದನ್ನು ಕೇಳಿಸಿದೆ. ತಲೆಯ ಮೇಲಿನ ಸೆರಗು ಸರಿಸಿ, ಫೋನನ್ನು ಕಿವಿಗೊತ್ತಿಕೊಂಡು ಪೂರ್ತಿ ಕೇಳಿದರು.

"ನಡುವಿನ ಸಾಲ ತಪ್ಪೇತಿ ನೋಡಪಾ. ನಮ್ಮವ್ವ ಹಿಂಗ ಹಾಡ್ತಿದ್ದಿಲ್ಲ. ತಡಿ, ಇನ್ನಷ್ಟು ಜೋಳ ಹಾಕ್ತೇನಿ, ಮತ್ತೊಮ್ಮೆ ಹಚ್ಚು."